ಹೃದಯದ ಇಮೇಜಿಂಗ್‌ನಲ್ಲಿ ಸಂಶೋಧನೆ ಮಾಡುವ ಡಾಕ್ಟರ್ ಆಗಬೇಕು, ಯಾವ ದಾರಿ ಹಿಡಿಯಲಿ?

ಕೋಟೆಬೆಟ್ಟದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು. ಎಂಬಿಬಿಎಸ್ ಮುಗಿದಿದೆ. ಈಗ ಕಡ್ಡಾಯ ಗ್ರಾಮೀಣ ಸೇವೆ ಅಂತ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಸಂಜೆ ಮೇಲೆ ನೀಟ್ ಪಿಜಿಗೆ ಓದು.

ಹೌಸ್ ಸರ್ಜನ್ ಆಗಿದ್ದಾಗ ನನಗೆ ಅಲ್ಟ್ರಾಸೌಂಡ್‌ನಿಂದ ಹೃದಯ ನೋಡುವ ಎಕೋ ರೂಮ್ ಅಂದ್ರೆ ಪ್ರಾಣ. ಡ್ಯೂಟಿ ಮುಗಿದ ಮೇಲೂ ಹೋಗಿ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಎಕೋ, ಸಿಟಿ, ಎಂಆರ್‌ಐ ಮೂಲಕ ಹೃದಯದ ಕಾಯಿಲೆ ಬಗ್ಗೆ ಸಂಶೋಧನೆ ಮಾಡಬೇಕು ಅನ್ನುವ ಆಸೆ ಅಲ್ಲೇ ಹುಟ್ಟಿದ್ದು. ರೋಗಿಗಳನ್ನು ನೋಡುವುದನ್ನೂ ಬಿಡಬಾರದು.

ಆದರೆ ದಾರಿ ಗೊತ್ತಾಗುತ್ತಿಲ್ಲ. ರೇಡಿಯಾಲಜಿ ತಗೊಳ್ಳಬೇಕಾ, ಇಲ್ಲ ಜನರಲ್ ಮೆಡಿಸಿನ್ ಮಾಡಿ ಆಮೇಲೆ ಕಾರ್ಡಿಯಾಲಜಿಗೆ ಹೋಗಬೇಕಾ? ಸೀನಿಯರ್‌ಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪನಿಗೆ ಸ್ವಲ್ಪ ಕಾಫಿ, ಮೆಣಸು ಇದೆ, ಅಷ್ಟೇ. ಕುಶಾಲನಗರದಲ್ಲಿ ಒಂದು ಕ್ಲಿನಿಕ್ ಹಾಕು, ಸಾಕು ಅಂತಾರೆ. ಅವರ ಮಾತಲ್ಲೂ ನ್ಯಾಯ ಇದೆ.

ಇನ್ನೊಂದು ಪ್ರಶ್ನೆ. ದೊಡ್ಡ ಮೆಷಿನ್‌ಗಳೆಲ್ಲ ದೊಡ್ಡ ಊರಲ್ಲಿವೆ. ಇಂಥ ಸಂಶೋಧನೆಯಿಂದ ನಮ್ಮ ಲೈನ್ ಮನೆಗಳಲ್ಲಿ ಇರುವ ತೋಟದ ಕೆಲಸದವರಿಗೆ ಏನಾದರೂ ಆಗುತ್ತಾ? ನನ್ನನ್ನು ಜಾಸ್ತಿ ಕಾಡುವುದು ಇದೇ.

ರೈಟರ್, ಸಿದ್ದಾಪುರ:

ಡಾಕ್ಟ್ರಮ್ಮ, ನಾನು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಿಮ್ಮ ಓದಿನ ವಿಷಯ ತಿಳಿದವರು ಹೇಳಲಿ. ನಾನು ಕಂಡದ್ದು ಹೇಳುತ್ತೇನೆ.

ರೋಬಸ್ಟಾ ಕೊಯ್ಲಿನ ಸಮಯದಲ್ಲಿ ನಮ್ಮ ಮೇಸ್ತ್ರಿಗೆ ರಾತ್ರಿ ಎದೆನೋವು ಬಂತು. ಜೀಪಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರಕೊಂಡು ಹೋದೆವು. ಅಲ್ಲಿ ಇಸಿಜಿ ತೆಗೆದು ದೊಡ್ಡಾಸ್ಪತ್ರೆಗೆ ಕಳಿಸಿ, ಅವರು ನೋಡಿ ಹೇಳಿದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಅಂದರು, ಇಂಜೆಕ್ಷನ್‌ಗೆ ದುಡ್ಡು ತಗೊಳ್ಳಲಿಲ್ಲ. ಆಮೇಲೆ ಮೈಸೂರಿಗೆ ಕಳಿಸಿದರು. ಈಗ ಮತ್ತೆ ತೋಟಕ್ಕೆ ಬರುತ್ತಿದ್ದಾನೆ. ಎಲ್ಲೋ ಕೂತು ಪರದೆ ನೋಡುವ ಡಾಕ್ಟರಿಂದ ನಮಗೆ ಉಪಯೋಗ ಇಲ್ಲ ಅಂತ ಯಾರೂ ಹೇಳಬೇಡಿ.

ಒಂದು ಡೌಟು, ಇಲ್ಲೇ ಕೇಳಿಬಿಡುತ್ತೇನೆ. ನನ್ನ ಭಾವನಿಗೆ 44 ವರ್ಷ. ಬೆಂಗಳೂರಲ್ಲಿ ಕ್ಯಾಲ್ಸಿಯಂ ಸ್ಕೋರ್ ಅಂತ ಸಿಟಿ ಮಾಡಿಸಿದರು, ಸೊನ್ನೆ ಬಂತು. ಇನ್ನು ಬೀಡಿ ಸೇದಿದರೂ ಏನೂ ಆಗಲ್ಲ ಅಂತಾರೆ. ಹೌದಾ?

ಪೊನ್ನಂಪೇಟೆಯವಳು:

ನಾನು ಪೊನ್ನಂಪೇಟೆ ಕಡೆಯವಳು. ಈಗ ಬೆಂಗಳೂರಿನ ಒಂದು ಟೀಚಿಂಗ್ ಆಸ್ಪತ್ರೆಯಲ್ಲಿ ಕಾರ್ಡಿಯಾಲಜಿಸ್ಟ್. ವಾರದಲ್ಲಿ ಅರ್ಧ ಓಪಿಡಿ ಮತ್ತು ಎಕೋ, ಉಳಿದರ್ಧ ಹೃದಯದ ಎಂಆರ್‌ಐ, ಸಿಟಿ ಸಂಶೋಧನೆ. ನೀವು ಕೇಳುತ್ತಿರುವ ದಾರಿಯಲ್ಲೇ ಬಂದವಳು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ರೈಟರ್ ಅಣ್ಣನಿಗೆ. ಬೇಡ ಅಣ್ಣ, ಬೀಡಿ ಬಿಡಿಸಿ. ಕ್ಯಾಲ್ಸಿಯಂ ಸ್ಕೋರ್ ಅಂದರೆ ಹೃದಯದ ರಕ್ತನಾಳದಲ್ಲಿ ಗಟ್ಟಿಯಾಗಿ ಸುಣ್ಣ ಕಟ್ಟಿದ ಭಾಗ ಎಷ್ಟಿದೆ ಅನ್ನುವ ಲೆಕ್ಕ. 1990ರಲ್ಲಿ ಆರ್ಥರ್ ಅಗಾಟ್‌ಸ್ಟನ್ ಮತ್ತು ಜೊತೆಯವರು ಮಾಡಿದ ಲೆಕ್ಕ ಇವತ್ತಿಗೂ ಅವರ ಹೆಸರಲ್ಲೇ ನಡೆಯುತ್ತಿದೆ. ಸೊನ್ನೆ ಬಂದರೆ ಒಳ್ಳೆಯದೇ. ಆದರೆ ಇನ್ನೂ ಸುಣ್ಣ ಕಟ್ಟದ ಮೆತ್ತಗಿನ ಕೊಬ್ಬು ಆ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ವಯಸ್ಸು ಕಡಿಮೆ ಇದ್ದಷ್ಟೂ ಅಂಥದ್ದೇ ಜಾಸ್ತಿ. ಹೊಗೆ ಎಳೆಯುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಸೊನ್ನೆ ಕೊಡುವ ಧೈರ್ಯ ಕಡಿಮೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಮಧ್ಯದ ವಯಸ್ಸು 53. ಬೇರೆಯವರದು ಹೆಚ್ಚುಕಡಿಮೆ 59. ನಿಮ್ಮ ಭಾವನಿಗೆ ಈ ಎರಡು ಅಂಕಿ ತೋರಿಸಿ.

ಈಗ ನಿಮಗೆ, ಡಾಕ್ಟರೇ. ರೇಡಿಯಾಲಜಿಯಾ ಕಾರ್ಡಿಯಾಲಜಿಯಾ ಅನ್ನುವುದು ಎರಡನೇ ಪ್ರಶ್ನೆ. ಹೃದಯದ ಯಾವ ತೊಂದರೆ ನಿಮ್ಮ ನಿದ್ದೆ ಕೆಡಿಸುತ್ತೆ ಅನ್ನುವುದು ಮೊದಲನೆಯದು. ಅದು ಗೊತ್ತಿಲ್ಲದೆ ಮೆಷಿನ್ ಆರಿಸಿಕೊಂಡವರನ್ನು ತುಂಬಾ ನೋಡಿದ್ದೇನೆ. ಚೆಂದದ ಚಿತ್ರ ತೆಗೆಯುತ್ತಾರೆ, ಪೇಪರ್ ಕೂಡ ಬರುತ್ತೆ. ಆದರೆ ಅದನ್ನು ಓದಿ ಯಾವ ಡಾಕ್ಟರೂ ಒಂದು ಮಾತ್ರೆ ಬದಲಿಸುವುದಿಲ್ಲ.

ಎಕೋ ಹುಟ್ಟಿದ ಕಥೆಯನ್ನೇ ನೋಡಿ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಅಂತ ಒಬ್ಬ ಡಾಕ್ಟರ್ ಇದ್ದರು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾದರೆ ಅದನ್ನು ಬಿಡಿಸುವ ಆಪರೇಷನ್ ಆಗಷ್ಟೇ ಬಂದಿತ್ತು. ಯಾರ ವಾಲ್ವ್ ಕಿರಿದಾಗಿದೆ, ಯಾರದ್ದು ಸೋರುತ್ತಿದೆ ಅಂತ ಎದೆ ತೆರೆಯುವ ಮೊದಲೇ ಹೇಳಬೇಕಿತ್ತು. ಸ್ಟೆತಸ್ಕೋಪು, ಎಕ್ಸ್‌ರೇ ಎರಡೂ ಸಾಲುತ್ತಿರಲಿಲ್ಲ. ಆ ತಲೆಬಿಸಿಯಲ್ಲಿ ಅವರು ಹೆಲ್ಮುತ್ ಹರ್ಟ್ಸ್ ಅನ್ನುವ ಭೌತವಿಜ್ಞಾನಿಯ ಜೊತೆ ಸೇರಿದರು. ಲೋಹದಲ್ಲಿ ಬಿರುಕು ಹುಡುಕಲು ಹಡಗು ಕಟ್ಟುವವರು ಬಳಸುತ್ತಿದ್ದ ಅಲ್ಟ್ರಾಸೌಂಡ್ ಯಂತ್ರದಿಂದ ಶುರು ಮಾಡಿ, 1953ರ ಅಕ್ಟೋಬರ್‌ನಲ್ಲಿ ಬಡಿಯುವ ಹೃದಯದ ಎಕೋ ದಾಖಲಿಸಿದರು. ಪ್ರಶ್ನೆ ಡಾಕ್ಟರದ್ದು, ಯಂತ್ರ ಹಡಗುಕಟ್ಟೆಯದ್ದು.

ನನ್ನ ಪ್ರಶ್ನೆ ಸಿಕ್ಕಿದ್ದು ಮೆಡಿಸಿನ್ ಪಿಜಿ ಮಾಡುವಾಗ. ನಮ್ಮ ಕಡೆಯ ಎಸ್ಟೇಟಿನಿಂದಲೇ ಒಬ್ಬಳು ಹುಡುಗಿ ಬಂದಳು. ಕಾಫಿ ಕೊಯ್ಯುವವಳು, ಐದು ತಿಂಗಳ ಬಸುರಿ. ಮಲಗಿದರೆ ಉಸಿರು ಕಟ್ಟುತ್ತೆ, ರಾತ್ರಿಯಿಡೀ ಗೋಡೆಗೆ ಒರಗಿ ಕೂರುತ್ತೇನೆ ಅಂದಳು. ಬೇರೆ ಕಡೆ ಉಬ್ಬಸ ಅಂತ ಬಹಳ ದಿನದಿಂದ ಔಷಧಿ ಕೊಟ್ಟಿದ್ದರು. ಎಕೋ ಮೆಷಿನ್‌ನಲ್ಲಿ ಪ್ರೋಬ್ ಇಟ್ಟರೆ ಮೈಟ್ರಲ್ ವಾಲ್ವಿನ ಮುಂದಿನ ಎಸಳು ತುದಿಯಲ್ಲಿ ಅಂಟಿಕೊಂಡು, ನಡುವಿನಲ್ಲಿ ಉಬ್ಬಿ ಬಾಗುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ಹಾಕಿ ಸ್ಟಿಕ್ ಅಂತಲೇ ಹೆಸರು. ಹಾಕಿ ಸ್ಟಿಕ್ ಇಲ್ಲದ ಮನೆ ನಮ್ಮೂರಲ್ಲಿ ಎಲ್ಲಿದೆ ಹೇಳಿ? ಒಮ್ಮೆ ಕಂಡ ಮೇಲೆ ಮರೆಯಲು ಆಗಲೇ ಇಲ್ಲ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ವಾಲ್ವ್ ಅವಳಲ್ಲಿ 1 ಕೂಡ ತೆರೆಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆಯೇ ಬಂದ, ಹೃದಯದ ವಾಲ್ವ್ ಕೆಡಿಸುವ ರುಮ್ಯಾಟಿಕ್ ಜ್ವರದ ಕೆಲಸ ಅದು.

ನಮ್ಮ ಪ್ರೊಫೆಸರ್ ಎಕೋ ಚಿತ್ರದ ಮುಂದೆ ಕೂತು ನಾಲ್ಕು ವಿಷಯಕ್ಕೆ ಅಂಕ ಹಾಕಿಸಿದರು. ಎಸಳು ಎಷ್ಟು ಅಲುಗಾಡುತ್ತೆ, ಎಷ್ಟು ದಪ್ಪಗಿದೆ, ಸುಣ್ಣ ಎಷ್ಟು, ಕೆಳಗಿನ ನೂಲುಗಳು ಎಷ್ಟು ಅಂಟಿವೆ. ಒಂದೊಂದಕ್ಕೆ 1ರಿಂದ 4. ಒಟ್ಟು 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತನಾಳದ ಮೂಲಕ ಬಲೂನ್ ತೂರಿಸಿ ವಾಲ್ವ್ ಬಿಡಿಸಿದರೆ ಚೆನ್ನಾಗಿ ಕೆಲಸ ಆಗುವ ಸಂಭವ ಜಾಸ್ತಿ. ಇದು 1988ರಲ್ಲಿ ವಿಲ್ಕಿನ್ಸ್ ಮತ್ತು ಸಂಗಡಿಗರು ಮಾಡಿದ ಸ್ಕೋರ್. ಹುಡುಗಿಯ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಬಲೂನ್ ಮಾಡಿದರು. ಆ ರಾತ್ರಿ ಮಟ್ಟಸ ಮಲಗಿ ನಿದ್ದೆ ಮಾಡಿದಳು. ಯಾರೋ ಎಲ್ಲೋ ತಾಳ್ಮೆಯಿಂದ ಚಿತ್ರ ನೋಡಿ ಅಂಕ ಹಾಕಿದ್ದರಿಂದ ನಮ್ಮ ಎಸ್ಟೇಟಿನ ಹುಡುಗಿಗೆ ಇದು ಸಿಕ್ಕಿತು. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದು.

ಆದರೆ ನನಗೆ ಸಮಾಧಾನ ಆಗಲಿಲ್ಲ. ಹತ್ತು ವರ್ಷ ಮೊದಲೇ ಯಾಕೆ ಗೊತ್ತಾಗಲಿಲ್ಲ? ಇದೇ ಪ್ರಶ್ನೆ ಬೇರೆ ದೇಶಗಳಲ್ಲೂ ಕೆಲವರನ್ನು ಕಾಡಿತ್ತು. 2007ರಲ್ಲಿ ಮೊಜಾಂಬಿಕ್ ಮತ್ತು ಕಾಂಬೋಡಿಯಾದ ಶಾಲಾ ಮಕ್ಕಳ ಅಧ್ಯಯನ ಬಂತು. ಸ್ಟೆತಸ್ಕೋಪಿನಲ್ಲಿ ಸಿಕ್ಕಿದ್ದಕ್ಕಿಂತ ಸುಮಾರು ಹತ್ತು ಪಟ್ಟು ರುಮ್ಯಾಟಿಕ್ ಕಾಯಿಲೆ ಎಕೋದಲ್ಲಿ ಸಿಕ್ಕಿತು. ಆಗ ಇನ್ನೊಂದು ಜಗಳ ಎದ್ದಿತು: ಸಿಕ್ಕರೆ ಏನು ಮಾಡುತ್ತೀರಿ, ಸುಮ್ನೆ ಮಗುವಿಗೆ ರೋಗಿ ಅನ್ನುವ ಹಣೆಪಟ್ಟಿ ಹಚ್ಚುತ್ತೀರಾ ಅಂತ. ಅದಕ್ಕೆ ಉತ್ತರ ಬರಲು ಇನ್ನೂ ಸುಮಾರು 14 ವರ್ಷ ಹಿಡಿಯಿತು. ಉಗಾಂಡದಲ್ಲಿ ಆಂಡ್ರಿಯಾ ಬೀಟನ್ ಮತ್ತು ತಂಡ 5ರಿಂದ 17 ವರ್ಷದ 818 ಮಕ್ಕಳನ್ನು ಎರಡು ಗುಂಪು ಮಾಡಿತು. ಎಲ್ಲರಲ್ಲೂ ಕಾಯಿಲೆ ಎಕೋದಲ್ಲಿ ಮಾತ್ರ ಕಾಣುವ ಹಂತದಲ್ಲಿತ್ತು. ಒಂದು ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಎರಡು ವರ್ಷದ ನಂತರ ಎಕೋ ಮಾಡಿದರೆ, ಇಂಜೆಕ್ಷನ್ ಪಡೆದವರಲ್ಲಿ ಕಾಯಿಲೆ ಮುಂದುವರಿದದ್ದು ನೂರಕ್ಕೆ 0.8, ಪಡೆಯದವರಲ್ಲಿ 8.2. ನಾನು ಇದನ್ನು ಓದಿದ ದಿನ ನನ್ನ ವಿದ್ಯಾರ್ಥಿಗಳನ್ನೆಲ್ಲ ಕೂರಿಸಿಕೊಂಡು ಮತ್ತೊಮ್ಮೆ ಜೋರಾಗಿ ಓದಿದೆ. ಕೆಲಸ ಅಂದರೆ ಇದು. ಹಳೆಯ ಔಷಧಿ, ಸಾಧಾರಣ ಮೆಷಿನ್, ಸರಿಯಾದ ಪ್ರಶ್ನೆ.

ನಮ್ಮ ದೇಶದಲ್ಲಿ ಇಂಥ ಅಧ್ಯಯನಕ್ಕೆ ಒಂದು ತೊಡಕು ಇದೆ, ಈಗಲೇ ತಿಳಿದಿರಲಿ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಎಕೋ ಮೆಷಿನ್‌ಗೂ ಅನ್ವಯಿಸುತ್ತೆ. ಕೈಯಲ್ಲಿ ಹಿಡಿಯುವ ಪುಟ್ಟ ಪ್ರೋಬ್ ಜೇಬಲ್ಲಿ ಹಾಕಿಕೊಂಡು ಶಾಲೆಗೆ ಹೋಗಿ ನೋಡುವಂತಿಲ್ಲ. ನೋಂದಣಿ, ಅನುಮತಿ ಎಲ್ಲ ಬೇಕು. ಕಾಯ್ದೆ ಬೇಕಾದದ್ದೇ, ನನಗೆ ಅದರ ಬಗ್ಗೆ ದೂರಿಲ್ಲ. ಆದರೆ ಅಧ್ಯಯನ ಶುರು ಮಾಡುವ ಮೊದಲು ಕಾಗದಪತ್ರಕ್ಕೇ ತಿಂಗಳುಗಟ್ಟಲೆ ಹೋಗುತ್ತೆ. ಎಥಿಕ್ಸ್ ಕಮಿಟಿ ಬೇರೆ.

ದಿನದ ಕೆಲಸ ಹೇಗಿರುತ್ತೆ ಅಂತ ಯಾರೂ ಹೇಳುವುದಿಲ್ಲ, ಅದನ್ನೂ ಹೇಳುತ್ತೇನೆ. ಹೆಚ್ಚಿನ ಹೊತ್ತು ಅಳತೆ. ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಕೋಣೆ, ಪೂರ್ತಿ ಹಿಗ್ಗಿದಾಗ ಒಮ್ಮೆ, ಪೂರ್ತಿ ಕುಗ್ಗಿದಾಗ ಒಮ್ಮೆ ಒಳಗೋಡೆಯ ಗೆರೆ ಎಳೆಯಬೇಕು. ನಾಲ್ಕು ಕೋಣೆ ಕಾಣುವ ಚಿತ್ರದಲ್ಲಿ ಒಂದು ಸಲ, ಎರಡು ಕೋಣೆ ಕಾಣುವುದರಲ್ಲಿ ಒಂದು ಸಲ. ಗೋಡೆಯ ಮೇಲಿನ ಸಣ್ಣ ಸಣ್ಣ ಸ್ನಾಯುಗಳನ್ನು ಗೆರೆಯ ಒಳಗೇ ಬಿಡಬೇಕು. ಅಲ್ಲೇ ಕೈ ತಪ್ಪುವುದು. ಪ್ರತಿ ಬಡಿತಕ್ಕೆ ಆ ಕೋಣೆಯ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಹೋಗುತ್ತೆ ಅಂತ ಇದರಿಂದಲೇ ಲೆಕ್ಕ ಹಾಕುವುದು. ಒಂದೇ ರೋಗಿಯ ಒಂದೇ ಚಿತ್ರಕ್ಕೆ ಒಬ್ಬರು 48 ಅಂತಾರೆ, ಇನ್ನೊಬ್ಬರು 55 ಅಂತಾರೆ. ಮೊದಲಿನದು ನಾರ್ಮಲ್ ಅಲ್ಲ, ಎರಡನೆಯದು ನಾರ್ಮಲ್. ಔಷಧಿಯಿಂದ ಹೃದಯ ಸುಧಾರಿಸಿತಾ, ಇಲ್ಲ ಅಳೆದ ಕೈ ಬದಲಾಯಿತಾ? ಅದಕ್ಕೇ ಹೆಸರು ಮುಚ್ಚಿ ಇಬ್ಬರು ಅಳೆಯುವುದು, ಸ್ವಲ್ಪ ದಿನ ಬಿಟ್ಟು ಅದೇ ವ್ಯಕ್ತಿ ಮತ್ತೆ ಅಳೆಯುವುದು. ಈ ಬೇಸರದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಾ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಓದಿನ ದಾರಿ: ಮೆಡಿಸಿನ್ ಎಂಡಿ ಮೂರು ವರ್ಷ, ನೀಟ್ ಎಸ್‌ಎಸ್ ಬರೆದು ಕಾರ್ಡಿಯಾಲಜಿ ಡಿಎಂ ಮತ್ತೆ ಮೂರು ವರ್ಷ. ಆಮೇಲೆ ಇಮೇಜಿಂಗ್‌ಗೆ ಅಂತಲೇ ಒಂದೆರಡು ವರ್ಷ ಫೆಲೋಶಿಪ್. ನಾನು ಆ ಕೊನೆಯದಕ್ಕೆ ಇಂಗ್ಲೆಂಡಿಗೆ ಹೋಗಿದ್ದೆ, ಎಂಆರ್‌ಐ ಕಲಿಯಲು. ನನ್ನ ಅಭಿಪ್ರಾಯ ಕೇಳಿದರೆ ಇದೇ ದಾರಿ. ರೋಗಿಯ ಕೈ ಹಿಡಿದು ನಾಡಿ ನೋಡಿದವರಿಗೆ ಪ್ರಶ್ನೆ ಬೇಗ ಸಿಗುತ್ತೆ.

ಭಾಗಮಂಡಲ ಟು ಮಂಗಳೂರು:

ಮೇಡಂ ಬರೆದದ್ದು ಪೂರ್ತಿ ಓದಿದೆ. ಕೊನೆಯ ಎರಡು ಸಾಲು ಮಾತ್ರ ಒಪ್ಪಲು ಆಗುವುದಿಲ್ಲ. ನಾನು ರೇಡಿಯಾಲಜಿಸ್ಟ್, ಹೃದಯದ ಸಿಟಿ ಮತ್ತು ಎಂಆರ್‌ಐ ಓದುವುದೇ ನನ್ನ ಕೆಲಸ. ನಾವು ರೋಗಿಯ ಮುಖ ನೋಡುವುದಿಲ್ಲ ಅನ್ನುವುದು ತಪ್ಪು ಕಲ್ಪನೆ.

ಕೊರೊನರಿ ಸಿಟಿ ಮಾಡುವ ಮೊದಲು ರೋಗಿಯ ಜೊತೆ ಕೂರಬೇಕು. ಕಿಡ್ನಿ ಹೇಗಿದೆ ಅಂತ ಕ್ರಿಯಾಟಿನಿನ್ ನೋಡಬೇಕು, ನಾಡಿ 60ರ ಆಸುಪಾಸಿಗೆ ಇಳಿಯಲು ಮಾತ್ರೆ ಕೊಟ್ಟು ಕಾಯಬೇಕು, ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಇಡಬೇಕು. ಗಾಬರಿ ಇದ್ದರೆ ನಾಡಿ ಇಳಿಯುವುದೇ ಇಲ್ಲ, ಚಿತ್ರ ಕಲಸಿಹೋಗುತ್ತೆ. ಎಂಆರ್‌ಐಯಲ್ಲಿ ಇನ್ನೂ ಕಷ್ಟ, ಪ್ರತಿ ಚಿತ್ರಕ್ಕೂ ಉಸಿರು ಹಿಡಿಯಬೇಕು. ಕುಟ್ಟ ಕಡೆಯಿಂದ ಬಂದ ಒಬ್ಬ ಯರವ ಅಜ್ಜನಿಗೆ ಮೆಷಿನ್‌ನೊಳಗಿನ ರೆಕಾರ್ಡ್ ಮಾಡಿದ ಧ್ವನಿ ಅರ್ಥವೇ ಆಗುತ್ತಿರಲಿಲ್ಲ. ಅವರ ಮಗಳನ್ನು ಮೈಕ್ ಮುಂದೆ ಕೂರಿಸಿದೆವು. ಅವಳು ತಮ್ಮ ಮಾತಿನಲ್ಲಿ ಹೇಳಿದಳು. ಗ್ಯಾಡೋಲಿನಿಯಂ ಅನ್ನುವ ಕಾಂಟ್ರಾಸ್ಟ್ ಔಷಧಿ ಕೊಟ್ಟು ಹತ್ತು ನಿಮಿಷದ ಮೇಲೆ ತೆಗೆದ ಚಿತ್ರಗಳು ಎಷ್ಟು ಸ್ಪಷ್ಟ ಬಂದವು ಅಂದರೆ, ಸತ್ತ ಸ್ನಾಯು ಬೆಳ್ಳಗೆ, ಬದುಕಿದ್ದು ಕಪ್ಪಗೆ, ಗೆರೆ ಎಳೆದ ಹಾಗೆ ಬೇರೆ ಬೇರೆ. ಗೋಡೆಯ ಬಹುಭಾಗ ಬದುಕಿತ್ತು. ಬೈಪಾಸ್ ಮಾಡಬಹುದು ಅಂತ ಧೈರ್ಯವಾಗಿ ಬರೆದೆ.

ಸ್ಕಾಟ್‌ಲೆಂಡಿನ ಸ್ಕಾಟ್ ಹಾರ್ಟ್ ಅಧ್ಯಯನ ಓದಿ. ಎದೆನೋವಿನ 4146 ಜನರಲ್ಲಿ ಅರ್ಧ ಮಂದಿಗೆ ಮಾಮೂಲಿ ಪರೀಕ್ಷೆಯ ಜೊತೆ ಸಿಟಿಯನ್ನೂ ಮಾಡಿದರು. 2018ರಲ್ಲಿ ಐದು ವರ್ಷದ ಫಲಿತಾಂಶ ಬಂತು. ಹೃದಯಾಘಾತ ಅಥವಾ ಹೃದ್ರೋಗದ ಸಾವು ಸಿಟಿ ಗುಂಪಿನಲ್ಲಿ ನೂರಕ್ಕೆ 2.3, ಇನ್ನೊಂದರಲ್ಲಿ 3.9. ಸ್ಕ್ಯಾನ್ ಯಾರನ್ನೂ ಗುಣ ಮಾಡುವುದಿಲ್ಲ. ನಾಳದಲ್ಲಿ ಕೊಬ್ಬು ಕಂಡವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್ ಸರಿಯಾಗಿ ಶುರುವಾಯಿತು. ಅಂಥ ಅಧ್ಯಯನ ಒಬ್ಬರಿಂದ ಆಗುವುದಿಲ್ಲ, ಕಾರ್ಡಿಯಾಲಜಿಸ್ಟೂ ಬೇಕು, ರೇಡಿಯಾಲಜಿಸ್ಟೂ ಬೇಕು. ದೆಹಲಿ ಏಮ್ಸ್‌ನಲ್ಲಿ ಹೃದಯದ ರೇಡಿಯಾಲಜಿಗೆ ಅಂತಲೇ ಬೇರೆ ವಿಭಾಗ ಇದೆ, ಅದರಲ್ಲಿ ಡಿಎಂ ಕೂಡ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯನ್ನೂ ನೋಡಿಕೊಳ್ಳಿ. ಭೌತವಿಜ್ಞಾನದಲ್ಲಿ ಆಸಕ್ತಿ ಇದ್ದರೆ ನಮ್ಮ ಕಡೆಗೇ ಬನ್ನಿ.

ಪೊನ್ನಂಪೇಟೆಯವಳು:

ಮಗಳನ್ನು ಮೈಕ್ ಮುಂದೆ ಕೂರಿಸಿದ್ದು ಕೇಳಿ ತುಂಬಾ ಖುಷಿಯಾಯಿತು. ನಮ್ಮಲ್ಲೂ ನಾಳೆಯಿಂದಲೇ ಮಾಡಿಸುತ್ತೇನೆ. ದಾರಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನಿಮ್ಮಂಥ ರೇಡಿಯಾಲಜಿಸ್ಟ್ ಪಕ್ಕದಲ್ಲಿ ಇಲ್ಲದೆ ನನ್ನ ಒಂದು ಪೇಪರೂ ಆಗಿಲ್ಲ.

ಕೋಟೆಬೆಟ್ಟದ ಹುಡುಗಿ:

ಮೇಡಂ, ಸರ್, ರೈಟರ್ ಅಣ್ಣ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮೇಡಂ ಬರೆದದ್ದನ್ನು ಅಪ್ಪನಿಗೂ ಓದಿ ಹೇಳಿದೆ. ಹಾಕಿ ಸ್ಟಿಕ್ ಬಂದಾಗ ಮತ್ತೊಂದು ಸಲ ಓದು ಅಂದರು.

ಎರಡು ವಿಷಯ ಕೇಳಬೇಕು. ಒಂದು, ದುಡ್ಡು. ಸಂಶೋಧನೆ ಮಾಡಿಕೊಂಡು ಸಂಸಾರ ನಡೆಯುತ್ತಾ? ಎರಡು, ಈ ಗೆರೆ ಎಳೆಯುವ ಕೆಲಸವನ್ನೆಲ್ಲ ಈಗ ಎಐ ಮಾಡುತ್ತೆ ಅಂತಾರೆ. ನಾನು ಓದಿ ಮುಗಿಸುವಷ್ಟರಲ್ಲಿ ಕೆಲಸ ಉಳಿದಿರುತ್ತಾ?

ಪೊನ್ನಂಪೇಟೆಯವಳು:

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ದಿನವಿಡೀ ಆಂಜಿಯೋಪ್ಲಾಸ್ಟಿ ಮಾಡುವ ನನ್ನ ಬ್ಯಾಚಿನವರಷ್ಟು ನಾನು ಯಾವತ್ತೂ ದುಡಿದಿಲ್ಲ. ಟೀಚಿಂಗ್ ಆಸ್ಪತ್ರೆಯ ಸಂಬಳದಲ್ಲಿ ಮನೆ ನಡೆದಿದೆ, ಮಕ್ಕಳು ಓದಿದ್ದಾರೆ. ಅಧ್ಯಯನದ ಖರ್ಚಿಗೆ ಐಸಿಎಂಆರ್, ಇಂಡಿಯಾ ಅಲಯನ್ಸ್ ಇಂಥ ಕಡೆ ಅರ್ಜಿ ಹಾಕಬೇಕು. ಹಾಕಿದ್ದೆಲ್ಲ ಸಿಗುವುದಿಲ್ಲ. ನಿಮ್ಮ ಅಪ್ಪನಿಗೆ ವರ್ಷಗಳ ಲೆಕ್ಕ ಮುಚ್ಚಿಡಬೇಡಿ, ಸ್ವಂತ ಕಾಲ ಮೇಲೆ ನಿಲ್ಲುವಾಗ ಮೂವತ್ತೈದರ ಹತ್ತಿರ ಇರುತ್ತೀರಿ.

ಎಐ ಗೆರೆ ಎಳೆಯುತ್ತೆ, ನಿಜ. ನಮ್ಮ ಮೆಷಿನ್‌ನಲ್ಲೂ ಇದೆ, ನನಗೆ ಸಂತೋಷವೇ. ಆದರೆ ಅದು ಕಲಿತದ್ದು ಯಾರ ಹೃದಯ ನೋಡಿ? ನಮ್ಮವರ ರಕ್ತನಾಳದ ಬಗ್ಗೆ ವರ್ಷಗಟ್ಟಲೆ ಬೆನ್ನುಹತ್ತಿದ ಅಧ್ಯಯನ ಅಂದಾಗ ಮೊದಲು ನೆನಪಿಗೆ ಬರುವ ಮಸಾಲಾ ಅಧ್ಯಯನ ನಡೆದಿರುವುದು ಅಮೆರಿಕದಲ್ಲಿ. ಸ್ಯಾನ್‌ಫ್ರಾನ್ಸಿಸ್ಕೋದ ಅಲ್ಕಾ ಕನಾಯಾ 2010ರಲ್ಲಿ ಶುರು ಮಾಡಿದ್ದು. ಮೊದಲ ಸುತ್ತಿನಲ್ಲಿ 906 ಜನ, ಎಲ್ಲರೂ ಅಲ್ಲೇ ನೆಲೆಸಿದ ದಕ್ಷಿಣ ಏಷ್ಯಾದವರು. ಒಳ್ಳೆಯ ಕೆಲಸ. ಆದರೆ ಅವರ ಬದುಕು ಬೇರೆ. ಬೆಳಿಗ್ಗೆ ಕಟ್ಟನ್ ಕಾಫಿ ಕುಡಿದು ಸಂಜೆವರೆಗೆ ಇಳಿಜಾರಿನಲ್ಲಿ ಕಾಫಿ ಕೊಯ್ಯುವ ಹೆಂಗಸಿನ ಹೃದಯ ಹೇಗಿರುತ್ತೆ ಅಂತ ಅಳೆದು ಇಡಬೇಕಾದವರು ನಾವೇ. ಅದು ಇನ್ನೂ ಆಗಬೇಕಾದ ಕೆಲಸ.

ಎಕೋ ಟೆಕ್ನಿಶಿಯನ್, ಮೈಸೂರು:

ಡಾಕ್ಟರೇ, ಪಿಜಿ ಸಿಗುವವರೆಗೆ ಕಾಯಬೇಡಿ. ನಿಮ್ಮ ಕೇಂದ್ರದಲ್ಲಿ ಎಕೋ ಇರುವುದಿಲ್ಲ, ಆದರೆ ಸ್ಟೆತಸ್ಕೋಪ್ ಇದೆ ಅಲ್ವಾ. ರೋಗಿಯನ್ನು ಎಡಕ್ಕೆ ಹೊರಳಿಸಿ ಸ್ಟೆತಸ್ಕೋಪಿನ ಬೆಲ್ ಬದಿ ಇಟ್ಟು ಕೇಳಿ. ಅನುಮಾನ ಬಂದವರನ್ನು ಎಕೋಗೆ ಕಳಿಸುವಾಗ ನಿಮಗೆ ಏನು ಕೇಳಿಸಿತು ಅಂತ ಚೀಟಿಯಲ್ಲಿ ಬರೆಯಿರಿ. ಬರೀ "ಎಕೋ ಮಾಡಿ" ಅಂತ ಬಂದರೆ ನಾವು ಎಲ್ಲಿ ಜಾಸ್ತಿ ಹುಡುಕಬೇಕು ಅಂತ ಗೊತ್ತಾಗುವುದಿಲ್ಲ.

ಕೋಟೆಬೆಟ್ಟದ ಹುಡುಗಿ:

ಇದೇ ವಾರ ಒಬ್ಬಳು ಬಂದಿದ್ದಾಳೆ, ಎಂಟನೇ ಕ್ಲಾಸಿನ ಹುಡುಗಿ. ಮೊದಲು ಮೊಣಕಾಲು ಊದಿತ್ತಂತೆ, ಅದು ಇಳಿದ ಮೇಲೆ ಮಣಿಕಟ್ಟು. ಜ್ವರ ಇದೆ. ನನಗೆ ವಾಲ್ವಿನ ತೊಂದರೆ ಹೇಳುವ ಮರ್ಮರ್ ಸದ್ದು ಸರಿಯಾಗಿ ಕೇಳಿಸಲಿಲ್ಲ. ಆದರೂ ಎಕೋಗೆ ಬರೆದಿದ್ದೇನೆ, ನಾಳೆ ರಜೆ ಹಾಕಿ ಅವಳ ಜೊತೆ ನಾನೂ ಮಡಿಕೇರಿಗೆ ಹೋಗುತ್ತಿದ್ದೇನೆ. ಏನು ನೋಡಬೇಕು ಮೇಡಂ?

ಪೊನ್ನಂಪೇಟೆಯವಳು:

ಮರ್ಮರ್ ಕೇಳಿಸದಿದ್ದರೂ ಕಳಿಸಿದ್ದು ಸರಿ. ರುಮ್ಯಾಟಿಕ್ ಜ್ವರದ ಅನುಮಾನ ಬಂದ ಎಲ್ಲರಿಗೂ ಎಕೋ ಬೇಕು ಅಂತ, ಈ ಜ್ವರ ಗುರುತಿಸಲು ಬಳಸುವ 2015ರ ಪರಿಷ್ಕೃತ ಜೋನ್ಸ್ ಮಾನದಂಡವೇ ಹೇಳುತ್ತೆ.

ಮೈಟ್ರಲ್ ವಾಲ್ವಿನಿಂದ ಹಿಂದಕ್ಕೆ ಸೋರುವ ರಕ್ತ ಎರಡು ವ್ಯೂನಲ್ಲಿ ಕಾಣುತ್ತಾ ನೋಡಿ. ಒಂದರಲ್ಲಾದರೂ ಅದರ ಉದ್ದ 2 ಸೆಂಟಿಮೀಟರ್ ಇರಬೇಕು, ವೇಗ ಸೆಕೆಂಡಿಗೆ 3 ಮೀಟರ್ ಮುಟ್ಟಬೇಕು, ಹೃದಯ ಕುಗ್ಗುವ ಅವಧಿಯಿಡೀ ಇರಬೇಕು. ಅಷ್ಟೂ ಇದ್ದರೆ ಅದು ಸುಮ್ನೆ ಕಾಣುವ ಸೋರಿಕೆ ಅಲ್ಲ. ಮಹಾಅಪಧಮನಿಯ ವಾಲ್ವನ್ನೂ ಬಿಡಬೇಡಿ. ಎಎಸ್‌ಓ, ಸಿಆರ್‌ಪಿ ರಕ್ತಪರೀಕ್ಷೆ, ಇಸಿಜಿ ಅದೇ ದಿನ ಮಾಡಿಸಿ, ಇಸಿಜಿಯಲ್ಲಿ ಪಿಆರ್ ಅಂತರ ಅಳೆಯಿರಿ. ಮಾಡುವವರನ್ನು ಕೇಳಿ ಕ್ಲಿಪ್‌ಗಳನ್ನು ಸೇವ್ ಮಾಡಿಸಿ, ಬರೀ ಪ್ರಿಂಟ್ ಸಾಲದು, ಮುಂದಿನ ವರ್ಷ ಹೋಲಿಸಲು ಬೇಕಾಗುತ್ತೆ. ರುಮ್ಯಾಟಿಕ್ ಅಂತ ಖಾತ್ರಿಯಾದರೆ ಪೆನಿಸಿಲಿನ್ ದಿನಾಂಕಗಳನ್ನು ಆ ಹುಡುಗಿಯ ತಾಯಿಗೂ, ಶಾಲೆಯ ಟೀಚರಿಗೂ ಬರೆದುಕೊಡಿ. ಕೊಯ್ಲಿನ ಸಮಯದಲ್ಲಿ ಮನೆಯವರು ಬೇರೆ ತೋಟಕ್ಕೆ ಹೋದರೆ ಇಂಜೆಕ್ಷನ್ ತಪ್ಪುವುದು ಆಗಲೇ.

ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ರಿಪೋರ್ಟ್ ಬಂದ ಮೇಲೆ ನನಗೊಂದು ಮೆಸೇಜ್ ಹಾಕಿ. ಅವಳ ಹೆಸರು ಬೇಡ, ಅಳತೆಗಳನ್ನು ಮಾತ್ರ ಬರೆಯಿರಿ.